ಮಂದ್ರಕ್ಕೆ ಜಾಗ ಬೇಕು: ಲಂಡನ್ನಿನ ಮಾಲಾ ಮತ್ತು ಅವರ ಡಬ್‌ಸ್ಟೆಪ್

ನಾನು ಇವತ್ತು ಮಾತನಾಡಲಿರುವ ಸಂಗೀತಗಾರರ ಒಂದೆರಡು ಧ್ವನಿಮುದ್ರಿಕೆಗಳನ್ನು ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ಕೇಳಿಕೊಂಡೇ ಬಂದಿದ್ದೀರಿ. ಒಳಗೆ ಬರುವಾಗ ಒಬ್ಬರು, 'ಏನೋ ಟಿಕ್‌ಟಿಕ್ ಎನ್ನುತ್ತದೆ, ನಡುನಡುವೆ ಒಂದು ದನಿ ಬಂದು ಹೋಗುತ್ತದೆ, ಇದರಲ್ಲಿ ಒಂದು ಗಂಟೆ ಮಾತನಾಡುವಂಥದ್ದು ಏನಿದೆ?' ಎಂದು ಕೇಳಿದರು. ಮೊಬೈಲಿನಲ್ಲಿ ಅಷ್ಟೇ ಕೇಳಿಸುತ್ತದೆ. ಆ ಸಂಗೀತದ ಮುಖ್ಯ ಪಾತ್ರಧಾರಿ ಮೊಬೈಲಿನ ಸ್ಪೀಕರಿನಿಂದ ಹೊರಗೆ ಬರುವುದೇ ಇಲ್ಲ. ಇದನ್ನು ಮಾಡಿದವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹಾಗೆಯೇ ಮಾಡಿದರು. ಅವರು ಎಲ್ಲಿ ನುಡಿಸಿದರು, ಹೇಗೆ ಪ್ರಕಟಿಸಿದರು, ಯಾವುದನ್ನು ಬೇಡವೆಂದರು ಎಂಬುದೆಲ್ಲ ಈ ಒಂದು ಸಂಗತಿಯಿಂದ ಹೊರಟಿದೆ ಎಂಬುದು ನನ್ನ ವಾದ. ಉಳಿದ ಮಾತೆಲ್ಲ ಅದರ ವಿವರಣೆ.

ಮಾಲಾ ಎಂಬ ಹೆಸರು ಕೇಳಿ ಗಾಯಕಿ ಇರಬೇಕು ಎಂದುಕೊಂಡು ಬಂದವರು ಕ್ಷಮಿಸಬೇಕು. ಇವರು ಮಾರ್ಕ್ ಲಾರೆನ್ಸ್, ದಕ್ಷಿಣ ಲಂಡನ್ನಿನವರು. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಪ್ರೊಡ್ಯೂಸರ್ ಎಂದರೆ ಹಣ ಹೂಡುವವನಲ್ಲ. ರಾಗ ಕಟ್ಟುವುದು, ತಾಳ ಜೋಡಿಸುವುದು, ಸದ್ದುಗಳನ್ನು ಹುಟ್ಟಿಸುವುದು, ಕೊನೆಗೆ ಎಲ್ಲವನ್ನೂ ಬೆರೆಸಿ ಹದಗೊಳಿಸುವುದು, ಇಷ್ಟನ್ನೂ ಒಬ್ಬನೇ ಕೂತು ಮಾಡುವ ಕಲಾವಿದ ಅವನು. ಮಾಲಾ ಮತ್ತು ಅವರ ಬಾಲ್ಯದ ಗೆಳೆಯ ಕೋಕಿ ಸೇರಿ 'ಡಿಜಿಟಲ್ ಮಿಸ್ಟಿಕ್ಸ್' ಎಂಬ ಹೆಸರಿನಲ್ಲಿ ಸಂಗೀತ ಮಾಡತೊಡಗಿದರು. ಲೋಫಾ ಎಂಬ ಇನ್ನೊಬ್ಬ ಪ್ರೊಡ್ಯೂಸರ್, ಮೈಕ್ ಹಿಡಿದು ಜನರೊಂದಿಗೆ ಮಾತನಾಡುತ್ತಿದ್ದ ಸಾರ್ಜೆಂಟ್ ಪೋಕ್ಸ್, ಇವರೆಲ್ಲ ಕೂಡಿ 2004ರಲ್ಲಿ ಡಿಎಂಜೆಡ್ ಎಂಬ ಪುಟ್ಟ ರೆಕಾರ್ಡ್ ಸಂಸ್ಥೆಯನ್ನು ಶುರುಮಾಡಿದರು.

ಆಗಿನ ಸಂದರ್ಭವನ್ನು ಸ್ವಲ್ಪ ಹೇಳಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ಲಂಡನ್ನಿನ ಕ್ಲಬ್ಬುಗಳಲ್ಲಿ ಗರಾಜ್ ಎಂಬ ಸಂಗೀತದ ಅಬ್ಬರವಿತ್ತು. ಥಳಕಿನ ಬಟ್ಟೆ, ಷಾಂಪೇನ್, ಹಾಡುಗಾರಿಕೆ. ಅದರ ಬೆನ್ನ ಹಿಂದೆ, ಲಂಡನ್ನಿನ ದಕ್ಷಿಣದ ಅಂಚಿನ ಕ್ರಾಯ್ಡನ್‌ನಲ್ಲಿ ಬಿಗ್ ಆಪಲ್ ಎಂಬ ರೆಕಾರ್ಡ್ ಅಂಗಡಿಯ ಸುತ್ತ ಕೆಲವು ಹುಡುಗರು ಸೇರಿಕೊಂಡರು. ಸ್ಕ್ರೀಮ್, ಬೆಂಗಾ, ಹ್ಯಾಚಾ ಮೊದಲಾದವರು. ಗರಾಜಿನಿಂದ ಹಾಡನ್ನು ತೆಗೆದರು, ಥಳಕನ್ನು ತೆಗೆದರು. ತಾಳ ಮತ್ತು ಮಂದ್ರದ ಬೇಸ್ ಮಾತ್ರ ಉಳಿಯಿತು. 2001ರಲ್ಲಿ ಶುರುವಾದ ಫಾರ್ವರ್ಡ್ ಎಂಬ ಕ್ಲಬ್ ರಾತ್ರಿ ಇವರ ಪ್ರಯೋಗಶಾಲೆಯಾಯಿತು. ಈ ಸಂಗೀತಕ್ಕೆ ಡಬ್‌ಸ್ಟೆಪ್ ಎಂಬ ಹೆಸರು ಬಂತು. ಸ್ಕ್ರೀಮ್ ಮತ್ತು ಬೆಂಗಾ ಆಗ ಇನ್ನೂ ಹದಿಹರೆಯದವರು ಎಂಬುದನ್ನು ನೆನಪಿಡಿ. ದುಬಾರಿ ಸ್ಟುಡಿಯೋ ಯಾರ ಬಳಿಯೂ ಇರಲಿಲ್ಲ. ಮನೆಯ ಕಂಪ್ಯೂಟರ್, ಫ್ರೂಟಿಲೂಪ್ಸ್‌ನಂಥ ತಂತ್ರಾಂಶ, ಅಷ್ಟೇ.

ಕ್ರಾಯ್ಡನ್ನಿನ ಹುಡುಗರಿಗೂ ಮಾಲಾ ಅವರಿಗೂ ಒಂದು ವ್ಯತ್ಯಾಸವಿದೆ. ಮಾಲಾ ಅವರ ಸಂಗೀತದ ಬೇರು ಗರಾಜಿಗಿಂತ ಹಿಂದೆ, ಜಮೈಕಾಕ್ಕೆ ಹೋಗುತ್ತದೆ.

ಎರಡನೆಯ ಮಹಾಯುದ್ಧದ ನಂತರ, 1948ರಲ್ಲಿ ಎಂಪೈರ್ ವಿಂಡ್‌ರಷ್ ಹಡಗು ಬಂದಲ್ಲಿಂದ ಮುಂದಕ್ಕೆ, ಕೆರಿಬಿಯನ್ ದ್ವೀಪಗಳಿಂದ ಬ್ರಿಟನ್ನಿಗೆ ಬಂದವರು ತಮ್ಮೊಂದಿಗೆ ಸೌಂಡ್ ಸಿಸ್ಟಂ ಎಂಬ ಪದ್ಧತಿಯನ್ನೂ ತಂದರು. ಸೌಂಡ್ ಸಿಸ್ಟಂ ಎಂದರೆ ಸ್ಪೀಕರುಗಳ ಜೋಡಣೆ ಮಾತ್ರವಲ್ಲ, ಅದೊಂದು ಬಳಗ. ಪೆಟ್ಟಿಗೆ ಕಟ್ಟುವವರು, ಆಂಪ್ಲಿಫೈಯರ್ ಬೆಸೆಯುವವರು, ರೆಕಾರ್ಡ್ ಆರಿಸುವವರು, ಮೈಕ್ ಹಿಡಿಯುವವರು, ಎಲ್ಲರೂ ಅದರಲ್ಲಿ ಸೇರುತ್ತಾರೆ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಕಿಂಗ್ ಟಬ್ಬಿ ವೃತ್ತಿಯಿಂದ ವಿದ್ಯುತ್ ಉಪಕರಣ ರಿಪೇರಿ ಮಾಡುವವರು. ಅವರು ಎಪ್ಪತ್ತರ ದಶಕದಲ್ಲಿ ರೆಗೆ ಎಂಬ ಜಮೈಕಾ ಶೈಲಿಯ ಹಾಡುಗಳ ಮುದ್ರಣವನ್ನು ಮಿಕ್ಸಿಂಗ್ ಮೇಜಿನ ಮೇಲೆ ಹಾಕಿಕೊಂಡು, ದನಿಯನ್ನು ತೆಗೆದು, ಗಿಟಾರನ್ನು ಅರ್ಧಕ್ಕೆ ಕತ್ತರಿಸಿ ಪ್ರತಿಧ್ವನಿಗೆ ಒಪ್ಪಿಸಿ, ಬೇಸ್ ಮತ್ತು ಡ್ರಮ್ಮನ್ನು ಬರಿದಾಗಿ ನಿಲ್ಲಿಸಿದರು. ಅದಕ್ಕೆ ಡಬ್ ಎಂದರು. ಹಾಡನ್ನು ಸೇರಿಸುತ್ತ ಹೋಗುವ ಬದಲು ಕಳೆಯುತ್ತ ಹೋಗಿ ಹೊಸದೊಂದನ್ನು ಮಾಡಬಹುದೆಂದು ತೋರಿಸಿದವರು ಇವರು. ಲಂಡನ್ನಿನಲ್ಲಿ ಜಾ ಶಾಕಾ ಎಂಬವರು ದಶಕಗಳ ಕಾಲ ತಮ್ಮ ಸೌಂಡ್ ಸಿಸ್ಟಂ ನಡೆಸಿದರು, 2023ರಲ್ಲಿ ತೀರಿಕೊಂಡರು. ಎರಡು ಟರ್ನ್‌ಟೇಬಲ್ ಇಟ್ಟುಕೊಂಡು ಹಾಡಿಗೆ ಹಾಡು ಹೊಲಿಯುವ ಡಿಜೆಗಳ ಕಾಲದಲ್ಲಿ ಶಾಕಾ ಒಂದೇ ಟರ್ನ್‌ಟೇಬಲ್ಲಿನಲ್ಲಿ ಇಡೀ ರಾತ್ರಿ ಕಳೆಯುತ್ತಿದ್ದರು. ಹಾಡು ಮುಗಿದಾಗ ಮೌನ. ಆ ಮೌನವನ್ನೂ ಜನ ಸಹಿಸುತ್ತಿದ್ದರು, ಮುಂದೆ ಬರುವುದು ಅಂಥದ್ದಿರುತ್ತಿತ್ತು.

ಈಗ ಸದ್ದಿನ ಒಳಗೆ ಹೋಗೋಣ. ಡಬ್‌ಸ್ಟೆಪ್ಪಿನ ವೇಗ ನಿಮಿಷಕ್ಕೆ ಸುಮಾರು 140 ಹೊಡೆತ. ಕಾಗದದ ಮೇಲೆ ಇದು ಓಟ. ಆದರೆ ಸ್ನೇರ್ ಡ್ರಮ್ಮಿನ ಪೆಟ್ಟು ನಾಲ್ಕು ಹೊಡೆತದ ಆವರ್ತದಲ್ಲಿ ಮೂರನೆಯದರ ಮೇಲೆ ಮಾತ್ರ ಬೀಳುತ್ತದೆ. ಅಂದರೆ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಸುಮಾರು 1.7 ಸೆಕೆಂಡು. ಕಿವಿಗೆ ಇದು 70ರ ನಡಿಗೆಯಂತೆ ಕೇಳುತ್ತದೆ, ಒಳಗಿನ ಸಣ್ಣ ಸದ್ದುಗಳು ಮಾತ್ರ 140ರಲ್ಲಿ ಓಡುತ್ತಿರುತ್ತವೆ. ಕೇಳುಗ ಯಾವ ಲಯಕ್ಕೆ ತಲೆದೂಗಬೇಕೆಂದು ತಾನೇ ತೀರ್ಮಾನಿಸಿಕೊಳ್ಳಬೇಕು. ರೆಗೆ ಸಂಗೀತದ 'ಒನ್ ಡ್ರಾಪ್' ಎಂಬ ತಾಳದಲ್ಲೂ ಒತ್ತು ಬೀಳುವುದು ಮೂರರ ಮೇಲೆಯೇ. ಮೊದಲನೆಯದನ್ನು ಖಾಲಿ ಬಿಡುತ್ತಾರೆ. ಇಷ್ಟು ಹೇಳಿದ ಮೇಲೆ ಒಂದು ತಿದ್ದುಪಡಿ: ಈ ಅರೆನಡೆಯ ತಾಳವನ್ನು ಅದರ ಬರಿಯ ರೂಪಕ್ಕೆ ಒಯ್ದವರು ಲೋಫಾ. ಮಾಲಾ ಅವರ ತಾಳಗಳಲ್ಲಿ ಕೈವಾದ್ಯಗಳ ಸದ್ದು ಹೆಚ್ಚು, ಚಡಪಡಿಕೆ ಹೆಚ್ಚು. ಲೋಫಾ ನಿಲ್ಲಿಸುತ್ತಾರೆ, ಮಾಲಾ ನಡೆಸುತ್ತಾರೆ.

ಅದರ ಕೆಳಗೆ ಸಬ್‌ಬೇಸ್, ಅಂದರೆ ಬೇಸ್‌ನಲ್ಲೂ ಅತಿ ಕೆಳಗಿನ ಸದ್ದು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಆವೃತ್ತಿ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಡಬ್‌ಸ್ಟೆಪ್ಪಿನ ಸಬ್‌ಬೇಸ್ ಇದೇ ಆಸುಪಾಸಿನಲ್ಲಿ ವಾಸಿಸುತ್ತದೆ. ಗಾಳಿಯಲ್ಲಿ 41 ಹರ್ಟ್ಸ್‌ನ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಮೊಬೈಲಿನ ಸ್ಪೀಕರ್ ಅಂಗುಲದಷ್ಟೂ ಅಗಲವಿಲ್ಲ; ಅಂಥ ಅಲೆಯನ್ನು ಎಬ್ಬಿಸುವಷ್ಟು ಗಾಳಿಯನ್ನು ಅದು ತಳ್ಳಲಾರದು. ಹಾಗಾದರೆ ಸಿನಿಮಾ ಹಾಡುಗಳ ಬೇಸ್ ಮೊಬೈಲಿನಲ್ಲಿ ಹೇಗೋ ಗೊತ್ತಾಗುತ್ತದಲ್ಲ ಎಂದು ನೀವು ಕೇಳಬಹುದು. ಅದು ಮಿದುಳಿನ ಉಪಕಾರ. ಸಾಮಾನ್ಯ ವಾದ್ಯದ ಸ್ವರದಲ್ಲಿ ಮೂಲ ಆವೃತ್ತಿಯ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಉಪಸ್ವರಗಳೂ ಇರುತ್ತವೆ. ಮೂಲ ಬಾರದಿದ್ದರೂ ಉಪಸ್ವರಗಳನ್ನು ಕೇಳಿ ಮಿದುಳು ಮೂಲವನ್ನು ಊಹಿಸಿಕೊಳ್ಳುತ್ತದೆ. ಆದರೆ ಸಬ್‌ಬೇಸ್ ಬಹುಮಟ್ಟಿಗೆ ಶುದ್ಧ ಸೈನ್ ಅಲೆ. ಅದಕ್ಕೆ ಉಪಸ್ವರಗಳೇ ಇಲ್ಲ, ಊಹಿಸಲು ಸುಳಿವೂ ಇಲ್ಲ. ಇದ್ದರೆ ಪೂರ್ತಿ ಇರುತ್ತದೆ, ಇಲ್ಲವಾದರೆ ಅದು ಇತ್ತೆಂಬುದೂ ತಿಳಿಯುವುದಿಲ್ಲ.

ಇನ್ನೊಂದು ತೊಡಕು ನಮ್ಮ ಕಿವಿಯದು. ಸಾವಿರ ಹರ್ಟ್ಸ್‌ನ ಒಂದು ಸ್ವರ 40 ಡೆಸಿಬಲ್‌ನಲ್ಲಿ ಎಷ್ಟು ಜೋರಾಗಿ ಕೇಳುತ್ತದೋ ಅಷ್ಟೇ ಜೋರಾಗಿ 40 ಹರ್ಟ್ಸ್‌ನ ಸ್ವರ ಕೇಳಬೇಕಾದರೆ ಅದಕ್ಕೆ 80 ಡೆಸಿಬಲ್‌ಗೂ ಮೇಲೆ ಬೇಕು. ಡೆಸಿಬಲ್ ಲೆಕ್ಕದಲ್ಲಿ 40ರ ಅಂತರವೆಂದರೆ ಶಕ್ತಿಯಲ್ಲಿ ಹತ್ತು ಸಾವಿರ ಪಟ್ಟು. ಒಟ್ಟು ಸದ್ದು ಏರಿದಂತೆ ಈ ಅಂತರ ಕಡಿಮೆಯಾಗುತ್ತದೆ. ಅಂದರೆ ಮಂದ್ರದ ಸಂಗೀತವನ್ನು ಮೆಲ್ಲಗೆ ಇಟ್ಟರೆ ಅದರ ಸಮತೋಲವೇ ಬದಲಾಗಿಬಿಡುತ್ತದೆ; ಅದು ಬೇರೆಯದೇ ರಚನೆಯಾಗುತ್ತದೆ. ಇದನ್ನು ಕೇಳಿ ನಾಳೆಯಿಂದ ಕಿವಿ ಹಾಳುಮಾಡಿಕೊಳ್ಳಬೇಡಿ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಂಡೇ ಹೋಗಿ. ಕಿವಿಗೆ ಹೆಚ್ಚು ತೊಂದರೆ ಕೊಡುವ ಮೇಲಿನ ಸದ್ದುಗಳನ್ನು ಅದು ತಡೆಯುತ್ತದೆ, ಮಂದ್ರ ಹೇಗಿದ್ದರೂ ಎದೆಗೂಡಿನ ಮೂಲಕ ಬರುತ್ತದೆ.

ಇಂಥ ಸಂಗೀತ ಮಾಡಿದ ಮೇಲೆ ಅದಕ್ಕೊಂದು ಜಾಗ ಬೇಡವೇ? 2005ರ ಮಾರ್ಚಿನಲ್ಲಿ ಮಾಲಾ, ಕೋಕಿ, ಲೋಫಾ, ಪೋಕ್ಸ್ ಸೇರಿ ಬ್ರಿಕ್ಸ್‌ಟನ್ನಿನಲ್ಲಿ ಡಿಎಂಜೆಡ್ ರಾತ್ರಿಗಳನ್ನು ಶುರುಮಾಡಿದರು. ನಡೆದದ್ದು ಸೇಂಟ್ ಮ್ಯಾಥ್ಯೂಸ್ ಎಂಬ ಹಳೆಯ ಚರ್ಚಿನ ಕಟ್ಟಡದಲ್ಲಿದ್ದ ಕ್ಲಬ್ಬಿನಲ್ಲಿ, ಎರಡು ತಿಂಗಳಿಗೊಮ್ಮೆ. ಅವರ ಕರಪತ್ರದ ಘೋಷವಾಕ್ಯ, ಬನ್ನಿ, ಬೇಸ್‌ನ ಭಾರದ ಮೇಲೆ ಧ್ಯಾನ ಮಾಡಿ ಎಂಬ ಅರ್ಥದ್ದು. ನಾಟಕೀಯ ಎನ್ನಿಸಬಹುದು. ನನಗೆ ಅದು ಬಳಕೆದಾರರ ಕೈಪಿಡಿಯಂತೆ ಕಾಣುತ್ತದೆ: ಕುಣಿಯಲೇಬೇಕೆಂದಿಲ್ಲ, ನಿಂತು ಕಣ್ಣು ಮುಚ್ಚಿದರೂ ನಡೆಯುತ್ತದೆ ಎಂಬ ಸೂಚನೆ.

ಮರುವರ್ಷ ಜನವರಿಯಲ್ಲಿ ಬಿಬಿಸಿ ರೇಡಿಯೋ 1ರಲ್ಲಿ ಮೇರಿ ಆ್ಯನ್ ಹಾಬ್ಸ್ ತಮ್ಮ ಕಾರ್ಯಕ್ರಮದಲ್ಲಿ ಈ ಗುಂಪಿನವರನ್ನೆಲ್ಲ ಒಂದೇ ರಾತ್ರಿ ನುಡಿಸಿದರು. ಆ ಮುದ್ರಣ ಅಂತರ್ಜಾಲದಲ್ಲಿ ದೇಶದೇಶ ಸುತ್ತಿತು. ಮಾರ್ಚಿನಲ್ಲಿ ಡಿಎಂಜೆಡ್‌ನ ಮೊದಲ ವಾರ್ಷಿಕೋತ್ಸವ. ನಾನೂರು ಜನ ಹಿಡಿಸುವ ನೆಲಮಾಳಿಗೆಗೆ ಆರುನೂರು ಜನರ ಸಾಲು. ಸ್ವೀಡನ್, ಅಮೆರಿಕ, ಆಸ್ಟ್ರೇಲಿಯಾಗಳಿಂದಲೂ ಬಂದವರಿದ್ದರು. ಅವತ್ತು ಕಾರ್ಯಕ್ರಮವನ್ನು ಮೇಲಿನ ದೊಡ್ಡ ಸಭಾಂಗಣಕ್ಕೆ ವರ್ಗಾಯಿಸಬೇಕಾಯಿತು.

ಇವರ ಕೈಯಲ್ಲಿ ಇರುತ್ತಿದ್ದದ್ದು ಡಬ್‌ಪ್ಲೇಟ್. ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ನನಗೆ ಇಷ್ಟದ ವಿಷಯ. ಅಲ್ಯೂಮಿನಿಯಂ ತಟ್ಟೆಯ ಮೇಲೆ ತೆಳುವಾದ ಮೆರುಗೆಣ್ಣೆಯ ಲೇಪ. ಆ ಮೆದು ಲೇಪದಲ್ಲಿ ಹಾಡನ್ನು ನೇರವಾಗಿ ಕೊರೆಯುತ್ತಾರೆ. ಕಾರ್ಖಾನೆಯಲ್ಲಿ ಒತ್ತಿದ ವಿನೈಲಿನಷ್ಟು ಅದು ಗಟ್ಟಿಯಲ್ಲ, ಪ್ರತಿ ಸಲ ಸೂಜಿ ಓಡಿದಾಗಲೂ ಸವೆಯುತ್ತದೆ. ಸಾಮಾನ್ಯವಾಗಿ ಒಂದೇ ಪ್ರತಿ. ಈ ವಾರ ಮನೆಯಲ್ಲಿ ಮುಗಿಸಿದ ರಚನೆಯನ್ನು ಫಾರೆಸ್ಟ್ ಹಿಲ್‌ನ ಟ್ರಾನ್ಸಿಶನ್ ಸ್ಟುಡಿಯೋದಲ್ಲಿ ಕೊರೆಸಿಕೊಂಡು ಹೋಗಿ ಶನಿವಾರ ನುಡಿಸುತ್ತಿದ್ದರು. ಅದು ಅಂಗಡಿಗೆ ಬರಲು ವರ್ಷ ಹಿಡಿಯಬಹುದಿತ್ತು, ಬಾರದೆಯೂ ಇರಬಹುದಿತ್ತು.

ತಟ್ಟೆಗೆ ಮಂದ್ರವನ್ನು ಕೊರೆಯುವುದು ಸುಲಭದ ಕೆಲಸವಲ್ಲ. ಬೇಸ್ ಹೆಚ್ಚಿದಷ್ಟೂ ಗೀರು ಅಡ್ಡಡ್ಡವಾಗಿ ಹೊಯ್ದಾಡುತ್ತದೆ, ಪಕ್ಕದ ಗೀರಿಗೆ ತಾಗುತ್ತದೆ. ಅದಕ್ಕಾಗಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ನುಡಿಸುವಾಗ ಆಂಪ್ಲಿಫೈಯರಿನಲ್ಲಿ ಮತ್ತೆ ಏರಿಸುತ್ತಾರೆ. 20 ಹರ್ಟ್ಸ್ ಬಳಿ ಈ ತಗ್ಗು ಸುಮಾರು 19 ಡೆಸಿಬಲ್. ಎಡಬಲಗಳಲ್ಲಿ ಬೇರೆಬೇರೆ ಬೇಸ್ ಇಟ್ಟರೆ ಸೂಜಿಯೇ ಹಾರುತ್ತದೆ, ಆದ್ದರಿಂದ ಅದು ನಟ್ಟನಡುವೆ ಇರಬೇಕು. ಬೇಸ್‌ಗೆ ತಟ್ಟೆಯ ಮೇಲೆಯೂ ಜಾಗ ಬೇಕು. ಹಾಡು ಉದ್ದವಾದರೆ ಸದ್ದು ಕುಗ್ಗುತ್ತದೆ. ಹೀಗೆ ಕೊರೆಯುವ ಯಂತ್ರವೇ ರಚನೆಯ ಶಿಸ್ತನ್ನು ಕಲಿಸಿತು. ತುಂಬಿ ತುಳುಕುವ ಮಿಶ್ರಣವನ್ನು ಯಂತ್ರ ಒಪ್ಪುವುದಿಲ್ಲ.

2006ರಲ್ಲಿ ಬಂದ ಡಿಜಿಟಲ್ ಮಿಸ್ಟಿಕ್ಸ್ ತಟ್ಟೆಯ ಎರಡು ಮುಖಗಳಲ್ಲಿ 'ಹಾಂಟೆಡ್' ಮತ್ತು 'ಆ್ಯಂಟಿ ವಾರ್ ಡಬ್' ಇವೆ. ಎರಡನೆಯದರಲ್ಲಿ ಸ್ಪೆನ್ ಜಿ ಹಾಡಿದ್ದಾರೆ. ಇರಾಕ್ ಯುದ್ಧದ ಕಾಲ. ಶೀರ್ಷಿಕೆಯಲ್ಲೇ ಯುದ್ಧ ಬೇಡವೆಂದಿದ್ದರೂ ಸಂಗೀತದಲ್ಲಿ ಕೂಗಾಟವಿಲ್ಲ. ದನಿ ಬರುತ್ತದೆ, ಪ್ರತಿಧ್ವನಿಯಲ್ಲಿ ಕರಗುತ್ತದೆ, ಕೆಳಗೆ ಬೇಸ್ ತನ್ನಷ್ಟಕ್ಕೆ ನಡೆಯುತ್ತದೆ. ನಿಮಗೆ ಇದನ್ನು ಈಗ ಈ ಸಭಾಂಗಣದ ಸ್ಪೀಕರುಗಳಲ್ಲಿ ಕೇಳಿಸಿದೆನಲ್ಲ, ಹಿಂದಿನ ಸಾಲಿನವರು ಕಿಟಕಿಯ ಗಾಜಿನತ್ತ ತಿರುಗಿ ನೋಡಿದ್ದನ್ನು ಗಮನಿಸಿದೆ. ಗಾಜು ಅದುರುತ್ತಿತ್ತು. ಅದೂ ರಚನೆಯ ಭಾಗವೇ ಎಂದುಕೊಳ್ಳಿ.

ಅದೇ ವರ್ಷ ಮಾಲಾ ತಮ್ಮದೇ ರೆಕಾರ್ಡ್ ಸಂಸ್ಥೆ 'ಡೀಪ್ ಮೆಡಿ ಮ್ಯೂಸಿಕ್' ಕಟ್ಟಿದರು. ಡಿಎಂಜೆಡ್ ಗೆಳೆಯರ ಕೂಟಕ್ಕೆ ಸೀಮಿತ. ಡೀಪ್ ಮೆಡಿಯ ಬಾಗಿಲು ಹೊರಗಿನವರಿಗೆ ತೆರೆಯಿತು. ಲಂಡನ್ನಿನ ಸಿಲ್ಕಿ, ಕ್ವೆಸ್ಟ್, ಜಪಾನಿನ ಗಾಥ್-ಟ್ರಾಡ್, ಟರ್ಕಿಯ ಗ್ಯಾಂಟ್ಜ್, ನ್ಯೂಜಿಲೆಂಡಿನ ಟ್ರೂತ್. ಒಬ್ಬರ ಸದ್ದು ಇನ್ನೊಬ್ಬರಂತಿಲ್ಲ, ಆದರೆ ಎಲ್ಲರಲ್ಲೂ ಮಂದ್ರದ ಸುತ್ತ ಖಾಲಿ ಜಾಗ ಬಿಡುವ ಗುಣವಿದೆ. ಸಂಪಾದಕನಾಗಿ ಮಾಲಾ ಅವರ ಕೊಡುಗೆ ಅವರ ಸ್ವಂತ ರಚನೆಗಳಷ್ಟೇ ದೊಡ್ಡದು ಎಂದು ನಾನು ಹೇಳಿದರೆ ಅವರ ಅಭಿಮಾನಿಗಳು ಮುನಿಸಿಕೊಳ್ಳಬಹುದು. ಆದರೂ ಹೇಳುತ್ತೇನೆ.

ಇನ್ನು ಡಬ್‌ಸ್ಟೆಪ್ ಎಂದೊಡನೆ ನಿಮ್ಮಲ್ಲಿ ಬಹಳ ಜನರಿಗೆ ನೆನಪಾಗುವ ಆ ಇನ್ನೊಂದು ಸದ್ದು, ಲೋಹವನ್ನು ಗರಗಸದಲ್ಲಿ ಸೀಳಿದಂಥದ್ದು. 2010ರ ಹೊತ್ತಿಗೆ ಅಮೆರಿಕದ ಸ್ಕ್ರಿಲೆಕ್ಸ್ ಆ ಸದ್ದಿನಿಂದ ಜಗತ್ತನ್ನು ಗೆದ್ದರು, 2012ರಲ್ಲಿ ಮೂರು ಗ್ರ್ಯಾಮಿ ಪಡೆದರು. ಅದನ್ನು ಹೀಗಳೆಯಲು ನಾನು ಬಂದಿಲ್ಲ. ಅದು ಗೆದ್ದದ್ದೇಕೆ ಎಂಬುದು ಕುತೂಹಲದ ಪ್ರಶ್ನೆ. ಅಲ್ಲಿ ಬೇಸ್ ಎನ್ನಿಸಿಕೊಳ್ಳುವುದರ ರೋಚಕ ಭಾಗವೆಲ್ಲ ನಡುವಿನ ಆವೃತ್ತಿಗಳಲ್ಲಿದೆ. ಆಗಲೇ ಹೇಳಿದ ಉಪಸ್ವರಗಳು ನೆನಪಿರಲಿ. ಆ ಸದ್ದು ಉಪಸ್ವರಗಳಿಂದ ಕಿಕ್ಕಿರಿದಿದೆ, ಹಾಗಾಗಿ ಲ್ಯಾಪ್‌ಟಾಪಿನಲ್ಲೂ ಬರುತ್ತದೆ, ಯೂಟ್ಯೂಬಿನಲ್ಲೂ ಬರುತ್ತದೆ. ಸಂಗೀತ ಹರಡುತ್ತಿದ್ದದ್ದು ಲ್ಯಾಪ್‌ಟಾಪುಗಳ ಮೂಲಕ. ಲ್ಯಾಪ್‌ಟಾಪಿಗೆ ದಕ್ಕುವ ಡಬ್‌ಸ್ಟೆಪ್ ಹರಡಿತು.

ತಮಾಷೆಯೆಂದರೆ ಆ ದಾರಿಯನ್ನು ಮೊದಲು ತೆರೆದವರಲ್ಲಿ ಒಬ್ಬರು ಮಾಲಾ ಅವರ ಗೆಳೆಯ ಕೋಕಿಯೇ. 2007ರ ಅವರ 'ಸ್ಪಾಂಜ್‌ಬಾಬ್' ಎಂಬ ರಚನೆಯಲ್ಲಿ ಕಿರುಚುವ ನಡುಸ್ಥಾಯಿಯ ಬೇಸ್ ಇದೆ, ಅದೂ ಡಿಎಂಜೆಡ್‌ನಿಂದಲೇ ಬಂದದ್ದು. ಒಂದೇ ಜೋಡಿಯ ಒಬ್ಬ ಮೇಲಕ್ಕೆ ಹೋದ, ಇನ್ನೊಬ್ಬ ಕೆಳಗೇ ಉಳಿದ. ಗೆಳೆತನ ಹಾಳಾಗಲಿಲ್ಲ.

ಆ ಅಬ್ಬರದ ನಡುವೆ ಮಾಲಾ ಏನು ಮಾಡುತ್ತಿದ್ದರು? ಕ್ಯೂಬಾಕ್ಕೆ ಹೋಗಿದ್ದರು. ಲಂಡನ್ನಿನ ಡಿಜೆ ಹಾಗೂ ರೇಡಿಯೋ ನಿರೂಪಕ ಜೈಲ್ಸ್ ಪೀಟರ್ಸನ್ 2011ರಲ್ಲಿ ಮಾಲಾ ಅವರನ್ನು ಹವಾನಾಕ್ಕೆ ಕರೆದೊಯ್ದರು. ಪಿಯಾನೋ ವಾದಕ ರಾಬರ್ಟೋ ಫಾನ್ಸೆಕಾ ಮತ್ತು ಅವರ ತಂಡ ಸ್ಟುಡಿಯೋದಲ್ಲಿ ಕ್ಯೂಬಾದ ತಾಳಗಳನ್ನು ನುಡಿಸಿಕೊಟ್ಟಿತು. ಆ ಮುದ್ರಣಗಳನ್ನು ಹೊತ್ತು ಲಂಡನ್ನಿಗೆ ಮರಳಿದ ಮಾಲಾ, ಸಿಂಬಾಡ್ ಎಂಬ ಪ್ರೊಡ್ಯೂಸರ್ ಗೆಳೆಯರ ನೆರವಿನಿಂದ ಕಟ್ಟಿದ್ದು 'ಮಾಲಾ ಇನ್ ಕ್ಯೂಬಾ' ಎಂಬ ಆಲ್ಬಂ. 2012ರಲ್ಲಿ ಪೀಟರ್ಸನ್ ಅವರ ಬ್ರೌನ್ಸ್‌ವುಡ್ ಸಂಸ್ಥೆಯಿಂದ ಬಂತು.

ಇಲ್ಲಿಯ ಕಷ್ಟವನ್ನು ಊಹಿಸಿ. ಕ್ಯೂಬಾದ ಸಂಗೀತ ತುಂಬಿದ ಮನೆ. ಕೋಂಗಾ, ಟಿಂಬಾಲೆ, ಪಿಯಾನೋ, ತುತ್ತೂರಿ, ಎಲ್ಲರಿಗೂ ಏನೋ ಹೇಳುವುದಿರುತ್ತದೆ. ಮಾಲಾ ಅವರದು ಖಾಲಿ ಮಾಡುವ ಕಲೆ. ಅಂಥ ನುರಿತ ವಾದಕರು ನುಡಿಸಿದ್ದನ್ನು ಅಳಿಸಲು ಕೈ ಬರುವುದಿಲ್ಲ. ಅಳಿಸದಿದ್ದರೆ ಬೇಸ್‌ಗೆ ಜಾಗವಿಲ್ಲ. ಆದರೆ ಎರಡೂ ಕಡೆಯ ತಾಳಗಳಲ್ಲಿ ಒಂದು ಗುಟ್ಟಿನ ನಂಟಿತ್ತು ಎಂದು ನನಗನ್ನಿಸುತ್ತದೆ. ಕ್ಯೂಬಾದ ತುಂಬಾವೋ ಎಂಬ ಬೇಸ್ ನಡೆಯಲ್ಲಿ ಬೇಸ್ ವಾದಕ ಆವರ್ತದ ಮೊದಲ ಹೊಡೆತವನ್ನು ಬಿಟ್ಟುಬಿಡುತ್ತಾನೆ. ಎರಡರ ನಂತರದ ಅರ್ಧದಲ್ಲಿ ಒಮ್ಮೆ, ನಾಲ್ಕರ ಮೇಲೆ ಒಮ್ಮೆ ನುಡಿಸಿ, ಮುಂದಿನ ಆವರ್ತದ 'ಒಂದು' ಬರುವ ಮುನ್ನವೇ ಅದರ ಸ್ವರವನ್ನು ಮುಟ್ಟಿಬಿಟ್ಟಿರುತ್ತಾನೆ. ಜಮೈಕಾದ ಒನ್ ಡ್ರಾಪ್ ಕೂಡ 'ಒಂದ'ನ್ನು ಬಿಡುತ್ತದೆ. ಅಕ್ಕಪಕ್ಕದ ಎರಡು ದ್ವೀಪಗಳು, ಎರಡೂ ಕಡೆ ಮೊದಲ ಹೊಡೆತ ಖಾಲಿ. ಮಾಲಾ ಆ ಖಾಲಿಯ ಮೂಲಕ ಒಳಗೆ ಹೋದರು.

ಆಲ್ಬಮ್ಮಿನಲ್ಲಿ 'ಚಾಂಗಿಟೊ' ಎಂಬ ರಚನೆಯಿದೆ. ಲೋಸ್ ವಾನ್ ವಾನ್ ತಂಡದಲ್ಲಿ ಸೋಂಗೋ ಎಂಬ ತಾಳಪದ್ಧತಿಯನ್ನು ಬೆಳೆಸಿದ ಹಿರಿಯ ವಾದಕನ ಹೆಸರು ಅದು. ಅಲ್ಲಿ ತಾಳವಾದ್ಯ ಮುಂದೆ, ಬೇಸ್ ನೆರಳಿನಂತೆ ಹಿಂದೆ. ದನಾಯ್ ಸ್ವಾರೆಸ್ ಹಾಡಿದ 'ನೋಚೆ ಸ್ವೆನ್ಯೋಸ್' ಆಲ್ಬಮ್ಮಿನ ಅತಿ ಸುಂದರ ರಚನೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಒಪ್ಪದವರು ಹೆಚ್ಚಾಗಿ 'ಕಾಯೆ ಎಫ್' ಎನ್ನುತ್ತಾರೆ. 2016ರಲ್ಲಿ ಪೆರು ದೇಶದ ವಾದಕರೊಂದಿಗೆ 'ಮಿರರ್ಸ್' ಎಂಬ ಇನ್ನೊಂದು ಆಲ್ಬಂ ಮಾಡಿದರು. ಅದರಲ್ಲಿ ಒಳ್ಳೆಯ ಭಾಗಗಳಿವೆ, ಆದರೆ ಕ್ಯೂಬಾದಲ್ಲಿದ್ದ ಎಳೆದಾಟ ಅಲ್ಲಿ ನನಗೆ ಸಿಗಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕೀಬೋರ್ಡ್ ವಾದಕ ಜೋ ಆರ್ಮನ್-ಜೋನ್ಸ್ ಅವರೊಡನೆ ಮಾಡಿದ ರಚನೆಗಳಲ್ಲಿ ಅದು ಮರಳಿದೆ.

ಮಾಲಾ ಅವರ ಸದ್ದನ್ನು ಅತಿ ಹೆಚ್ಚು ಜನ ಕೇಳಿದ್ದು ಅವರ ಹೆಸರಿನಲ್ಲಿ ಅಲ್ಲ. ಅವರ 'ಚೇಂಜಸ್' ಎಂಬ ಹಳೆಯ ರಚನೆಯ ತುಣುಕನ್ನು ಅಮೆರಿಕದ ರ್‍ಯಾಪರ್ ಎಕ್ಸ್‌ಎಕ್ಸ್‌ಎಕ್ಸ್‌ಟೆಂಟಾಸಿಯಾನ್ ಅವರ 'ಲುಕ್ ಅಟ್ ಮಿ!' ಹಾಡಿನಲ್ಲಿ ಬಳಸಲಾಯಿತು. ಸದ್ದನ್ನು ಬೇಕೆಂದೇ ಒಡೆದು, ಹರಿದು, ಬೇಸ್ ಅನ್ನು ಬಿರಿಯುವಂತೆ ಮಾಡಿದ ಹಾಡು ಅದು. ಬಿರಿದ ಬೇಸ್‌ಗೆ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. 2017ರಲ್ಲಿ ಅದು ಎಲ್ಲರ ಮೊಬೈಲಿನಲ್ಲಿತ್ತು. ಆ ಹಾಡಿನಿಂದ ಹಿಂದಕ್ಕೆ ನಡೆದು 'ಚೇಂಜಸ್' ತಲುಪಿದ ಹುಡುಗರೂ ಇದ್ದಾರೆ, ಆದರೆ ಅವರು ತಲುಪಿದ್ದೂ ಮೊಬೈಲಿನಲ್ಲೇ.

ಈಗ ಮಧ್ಯದ ಸಾಲಿನಿಂದ ಬಂದ ಪ್ರಶ್ನೆ: ದೊಡ್ಡ ಸ್ಪೀಕರ್ ಇದ್ದವರಿಗೆ ಮಾತ್ರ ಸಂಗೀತ ಎಂದರೆ ಅದು ಉಳ್ಳವರ ಸೊತ್ತಾಗುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಸೌಂಡ್ ಸಿಸ್ಟಂ ಹುಟ್ಟಿದ್ದು ಕಿಂಗ್‌ಸ್ಟನ್ನಿನಲ್ಲಿ, ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇಟ್ಟುಕೊಳ್ಳಲಾಗದ ಜನರ ನಡುವೆ. ಒಂದು ದೊಡ್ಡ ಸ್ಪೀಕರ್, ಅದರ ಮುಂದೆ ಇಡೀ ಬೀದಿ. ಡಿಎಂಜೆಡ್ ಕೂಡ ಅದೇ ಲೆಕ್ಕಾಚಾರ. ಒಬ್ಬೊಬ್ಬರಿಗೂ ಒಂದೊಂದು ಎಂಬ ಲೆಕ್ಕ ಬಂದದ್ದು ಇಯರ್‌ಫೋನಿನೊಂದಿಗೆ. ಆದರೆ ಇದರ ಬೆಲೆಯನ್ನೂ ಒಪ್ಪಿಕೊಳ್ಳಬೇಕು. ಲಂಡನ್ನಿಗೆ ಹೋಗಲಾಗದ, ಆ ನೆಲಮಾಳಿಗೆಯಲ್ಲಿ ನಿಲ್ಲಲಾಗದ ನಿಮ್ಮಂಥ ನನ್ನಂಥವರಿಗೆ ಈ ಸಂಗೀತ ಎಂದೂ ಪೂರ್ತಿ ಸಿಗಲಿಲ್ಲ. ಮಾಲಾ ಹರಡುವಿಕೆಯನ್ನು ಬಿಟ್ಟುಕೊಟ್ಟರು, ಸದ್ದನ್ನು ಉಳಿಸಿಕೊಂಡರು. ನಾನು ಅವರ ಪರವಾಗಿದ್ದೇನೆ, ಆದರೆ ಬೇರೆಯದನ್ನು ಆರಿಸಿಕೊಂಡವರನ್ನು ದ್ರೋಹಿಗಳೆನ್ನಲಾರೆ.

ಕೊನೆಯದಾಗಿ 'ಚೇಂಜಸ್' ಹಾಕುತ್ತೇನೆ. ಅದಕ್ಕೆ ಮುಂಚೆ ಒಂದು ಕೋರಿಕೆ. ಎಂಟು ಮೀಟರ್ ಉದ್ದದ ಅಲೆ ಈ ಅಳತೆಯ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಪುಟಿದು ತನ್ನನ್ನು ತಾನೇ ಕೆಲವೆಡೆ ಹೆಚ್ಚಿಸಿಕೊಳ್ಳುತ್ತದೆ, ಕೆಲವೆಡೆ ಅಳಿಸಿಕೊಳ್ಳುತ್ತದೆ. ಮೂಲೆಗಳಲ್ಲಿ ಬೇಸ್ ಅತಿ ಹೆಚ್ಚು. ನಡುವೆ ಕುಳಿತ ಕೆಲವರಿಗೆ ಬಹುತೇಕ ಇರುವುದೇ ಇಲ್ಲ. ಪ್ರಶ್ನೆ ಕೇಳಿದ ಮಧ್ಯದ ಸಾಲಿನವರು ದಯವಿಟ್ಟು ಎದ್ದು ಗೋಡೆಯ ಬದಿಗೆ ಬನ್ನಿ, ಕುರ್ಚಿಗಳನ್ನು ಹಾಗೆಯೇ ಬಿಡಿ.